ಸೋಮವಾರ ರಜೆ ಇರುವ ಗಿಟಾರು

ಕೊಲ್ಹಾರದಲ್ಲಿ ಒಂದು ಗಿಟಾರಿಗೆ ವಾರದ ರಜೆ ಇದೆ. ಸೋಮವಾರ. ಅವತ್ತು ಅದನ್ನು ಬಾರಿಸುವಂತಿಲ್ಲ, ಮುಟ್ಟುವಂತಿಲ್ಲ, ಹೊಸ್ತಿಲು ದಾಟಿಸುವ ಮಾತಂತೂ ಎತ್ತುವಂತಿಲ್ಲ. ನಾನು ಬಸವನ ಬಾಗೇವಾಡಿಯ ಗ್ರಂಥಾಲಯವೊಂದರಲ್ಲಿ ಸಹಾಯಕ. ನನಗೂ ವಾರದ ರಜೆ ಇದೆ. ಅದೂ ಸೋಮವಾರವೇ. ಅಂದರೆ ಗಿಟಾರು ಹಾಜರಿರುವ ದಿನ ನಾನು ಗೈರು, ನನಗೆ ಬಿಡುವಾದ ದಿನ ಅದು ಗೈರು. ಒಂದೇ ಕಚೇರಿಯ ಇಬ್ಬರು ಗುಮಾಸ್ತರ ನಡುವೆ ಮಾತ್ರ ನಾನು ಇಂಥ ಹೊಂದಾಣಿಕೆ ಕಂಡಿದ್ದೆ.

ನನ್ನೂರು ನಂಜನಗೂಡಿನಲ್ಲಿ ಕೂತು ಇದನ್ನು ಓದುವವರಿಗೆ ನಾನು ಎಂದಿನಂತೆ ಬುರುಡೆ ಬಿಡುತ್ತಿದ್ದೇನೆ ಅನ್ನಿಸಬಹುದು. ಇಲ್ಲ. ಇಲ್ಲಿಗೆ ಬಂದು ಒಂದು ವರ್ಷದ ಮೇಲೆ ಎರಡು ತಿಂಗಳಾಯಿತು. ಅದರಲ್ಲಿ ನಾಲ್ಕು ತಿಂಗಳು ಈ ಗಿಟಾರಿಗೇ ಹೋಯಿತು.

ಇಲ್ಲಿನ ಮೊದಲ ಪೆಟ್ಟು ಮನೆ ಹುಡುಕುವಾಗಲೇ ಬಿತ್ತು. ನಮ್ಮ ಕಡೆ ಮಾಲೀಕರು ನಲ್ಲಿ ತಿರುಗಿಸಿ ತೋರಿಸುತ್ತಾರೆ, ಮೀಟರು ತೋರಿಸುತ್ತಾರೆ. ಇಲ್ಲಿ ಗೌರಕ್ಕ ಎಂಬ ಮಾಲೀಕರು ನನ್ನನ್ನು ನೇರ ಮಾಳಿಗೆಗೆ ಹತ್ತಿಸಿದರು. ಮಾಳಿಗೆ ಅಂದರೆ ಮನೆಯ ಮೇಲಿನ ಚಪ್ಪಟೆ ಸೂರು. "ಬ್ಯಾಸಗ್ಯಾಗ ಇಲ್ಲೇ ಮಲಗೂದು ನೋಡ್ರಿ. ಕೆಳಗ ಮಲಗಿದ್ರ ಬೆಳಗಾಗೂದ್ರಾಗ ರೊಟ್ಟಿ ಆಕ್ಕೀರಿ." ಹೆಸರು ಕೇಳಿದರು. ನಂಜುಂಡ ಅಂದೆ. "ನಂಜ ಉಂಡವರಿಗೆ ನಮ್ಮ ಮೆಣಸಿನಕಾಯಿ ಏನ್ ಮಾಡ್ತೈತಿ, ಉಣ್ರಿ" ಅಂತ ತಟ್ಟೆಗೆ ಕೆಂಪು ಚಟ್ನಿ ಹಾಕಿದರು. ಕಡಕ್ ಜೋಳದ ರೊಟ್ಟಿಯನ್ನು ದೋಸೆಯಂತೆ ಒಂದೇ ಕೈಯಲ್ಲಿ ಹರಿಯಲು ಹೋದೆ. ಅರ್ಧ ರೊಟ್ಟಿ ಹಾರಿ ಅವರ ಮಡಿಲಲ್ಲೇ ಬಿತ್ತು. ಇಂಗಳೇಶ್ವರದ ಅವರ ತವರಿಗೆ ಈ ಸುದ್ದಿ ನಾನು ಕೋಣೆಗೆ ಸಾಮಾನು ತರುವ ಮೊದಲೇ ತಲುಪಿತ್ತೆಂದು ಆಮೇಲೆ ತಿಳಿಯಿತು.

ನನಗೊಂದು ಚಾಳಿಯಿದೆ, ಊರಿನವರಿಗೆ ಗೊತ್ತು. ಯಾರ ದನಿ ಕೇಳಿದರೂ ಅದು ನನ್ನ ಗಂಟಲಿಗೆ ಹತ್ತಿಕೊಳ್ಳುತ್ತದೆ. ಗೌರಕ್ಕನ ದನಿ ಮೂರು ದಿನಕ್ಕೆ ಬಂತು. ನಮ್ಮ ಮೇಲಧಿಕಾರಿಯದು ಒಂದು ತಿಂಗಳು ತೆಗೆದುಕೊಂಡಿತು. ಪುಸ್ತಕ ತಡವಾಗಿ ತಂದವರನ್ನು ಅವರ ದನಿಯಲ್ಲಿ ಗದರಿಸುತ್ತಿದ್ದಾಗ ಅವರೇ ಹಿಂದೆ ನಿಂತಿದ್ದರು. ಅವತ್ತು ನನಗೆ ಅಸಲಿಯೂ ಕೇಳಿಸಿತು. ಇಲ್ಲಿನ ಜನ ನಗುವುದರಲ್ಲಿ ಕಂಜೂಸುತನ ಮಾಡುವುದಿಲ್ಲ. "ಮೈಸೂರ ಸರ, ನಮ್ಮ ದನಿ ಮಾಡ್ರಿ" ಅಂತ ಚಹಾ ಕುಡಿಸಿ ಕೇಳುತ್ತಾರೆ. ಮಾಡುತ್ತೇನೆ. ತೊಂದರೆ ಆಗುವುದು ಕೋಣೆಗೆ ಬಂದು ಬಾಗಿಲು ಹಾಕಿದ ಮೇಲೆ. ಯಾರ ದನಿಯಲ್ಲಿ ಸುಮ್ಮನಿರಬೇಕೋ ತಿಳಿಯುವುದಿಲ್ಲ. ಫೋನಿನಲ್ಲಿ ಅಮ್ಮ ಎರಡು ಮಾತಿಗೊಮ್ಮೆ ಕೇಳುತ್ತಾಳೆ: "ಅದ್ಯಾರ ದನಿಲಿ ಮಾತಾಡ್ತಿದ್ದೀಯೋ? ನೀನು ಮಾತಾಡಪ್ಪ."

ನಾನು ನಾನಾಗಿ ಮಾತಾಡಿದ್ದು ಬೇಸ್ ಗಿಟಾರಿನಲ್ಲಿ ಮಾತ್ರ. ಊರಿನ ಮದುವೆ ಆರ್ಕೆಸ್ಟ್ರಾದಲ್ಲಿ ಆರು ವರ್ಷ ಬಾರಿಸಿದೆ. ಗಿಟಾರು ತಂಡದ್ದು, ಬೆರಳು ಮಾತ್ರ ನನ್ನವು. ಬೇಸ್ ಅಂದರೆ ನಾಲ್ಕು ದಪ್ಪ ತಂತಿಯ ವಾದ್ಯ. ಹಾಡು ಕೇಳುವವರಿಗೆ ಅದು ಇದ್ದದ್ದು ಗೊತ್ತಾಗುವುದಿಲ್ಲ, ನಿಂತರೆ ಮಾತ್ರ ಕಾಲ ಕೆಳಗಿನ ನೆಲ ಜಾರಿದಂತಾಗುತ್ತದೆ. ಬಾಯಿಂದ ಬರುವುದೆಲ್ಲ ಕಂಡವರದ್ದು. ಅದೊಂದು ಗುಂಯ್ ಮಾತ್ರ ನನ್ನದು. ಹೊಸದು ಕೊಳ್ಳೋಣವೆಂದರೆ ಹೊಸ ಗಿಟಾರುಗಳ ದನಿ ನನಗೆ ಸೇರದು, ಹೋಟೆಲಿನ ಸ್ವಾಗತಕಾರರಂತೆ ನಯವಾಗಿ ಮಾತಾಡುತ್ತವೆ. ನನಗೆ ಬೇಕಿದ್ದುದು ನಾಲ್ಕು ಜನರ ಕೈಯಲ್ಲಿ ಪಳಗಿದ ಹಳೆಯದು. ಅದು ಸಿಕ್ಕರೆ ಇಲ್ಲಿ ನಿಲ್ಲುತ್ತೇನೆ, ಸಿಗದಿದ್ದರೆ ವರ್ಗಾವಣೆ ಅರ್ಜಿಗೆ ಸಹಿ ಹಾಕುತ್ತೇನೆ ಎಂದು ನನಗೆ ನಾನೇ ಷರತ್ತು ಹಾಕಿಕೊಂಡೆ. ಅರ್ಜಿ ತುಂಬಿ ಮೇಜಿನ ಖಾನೆಯಲ್ಲಿಟ್ಟೂ ಆಗಿತ್ತು.

ಸಿಂದಗಿಯಲ್ಲಿ ಒಂದು ಮದುವೆಗೆ ಹೋದಾಗ ಸುಳಿವು ಸಿಕ್ಕಿತು. ಬ್ಯಾಂಡಿನಲ್ಲಿ ಎಪ್ಪತ್ತರ ಹತ್ತಿರದ ಒಬ್ಬರು ಡ್ರಮ್ ಬಾರಿಸುತ್ತಿದ್ದರು. ಹೆಸರು ರೇವಪ್ಪ. ಮನೆಯಲ್ಲಿ ಕುರಿ, ಹೊರಗೆ ಡ್ರಮ್. ಹರೆಯದಲ್ಲಿ ನಾಟಕ ಕಂಪನಿಗಳ ಜೊತೆ, ಆರ್ಕೆಸ್ಟ್ರಾಗಳ ಜೊತೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಸುತ್ತಿದವರು. ದಪ್ಪ ತಂತಿಯ ಗಿಟಾರು ಎಲ್ಲಾದರೂ ಕಂಡಿದ್ದೀರಾ ಎಂದೆ. ಮೊದಲು ಕೆಮ್ಮಿದರು. ಅವರ ಪ್ರತಿ ಮಾತಿಗೂ ಆ ಕೆಮ್ಮು ಪೀಠಿಕೆ.

"ಕೊಲ್ಹಾರದ ಗುರಪ್ಪನ ಮನ್ಯಾಗ ಮಲಗೈತಿ. ಜಪಾನಿಂದು. ಸೊಲ್ಲಾಪುರದಾಗ ತಗೊಂಡಿದ್ದ. ಆದರ ನನ್ನ ಹೆಸರು ಮಾತ್ರ ಹೇಳಬ್ಯಾಡ್ರಿ."

ಯಾಕೆ ಎಂದು ಕೇಳಿದ್ದಕ್ಕೆ ಕೋಲನ್ನು ಗಾಳಿಯಲ್ಲಿ ನಿಲ್ಲಿಸಿದರು. "ಮುದ್ದೇಬಿಹಾಳದ ಸ್ಟೇಜ್ ಮ್ಯಾಲ, ತುಂಬಿದ ಮಂದಿ ಮುಂದ, ಅವ ಹಾಡಿನ ನಡುವ ಕೈ ಬಿಟ್ಟು ಕೈ ಕಟ್ಟಿ ನಿಂತ. ನಾ ತಾಳ ಓಡಸಾಕತ್ತೇನಂತ. ಇಪ್ಪತ್ತ ವರ್ಷದ ಮ್ಯಾಲಾತು. ಓಡಸಾಕತ್ತಿದ್ದು ನಾ ಅಲ್ಲ, ಅವ ನಿದ್ದಿ ಮಾಡಾಕತ್ತಿದ್ದ."

ಮುಂದಿನ ಸೋಮವಾರ ಬೆಳಗಿನ ಬಸ್ಸಿಗೇ ಕೊಲ್ಹಾರಕ್ಕೆ ಹೋದೆ. ಗುರಪ್ಪ ಕಾಕಾ ಬಿಳಿ ಧೋತರ, ಬಿಳಿ ಟೋಪಿ, ಸಾವಕಾಶದ ಮನುಷ್ಯ. ಸಾವಕಾಶ ಅಂದರೆ ನಿಧಾನ. ಆದರೆ ನಮ್ಮ ನಿಧಾನ ಇದರ ಮುಂದೆ ಎಕ್ಸ್‌ಪ್ರೆಸ್ ಬಸ್ಸು. ನೀರು ಕೊಟ್ಟರು, ಚಹಾ ಕೊಟ್ಟರು, ಹೊಲ ವಿಚಾರಿಸಿದರು, ನನಗೆ ಹೊಲವಿಲ್ಲವೆಂದು ತಿಳಿದು ಮರುಗಿದರು, ಊಟ ಹಾಕಿದರು. ಆಮೇಲೆ ಒಳಕೋಣೆಯ ಕಟ್ಟೆಯ ಮೇಲಿದ್ದ ಕೌದಿಯ ಗಂಟು ಬಿಚ್ಚಿದರು. ಹಳೆ ಸೀರೆ ಚೂರುಗಳಿಂದ ಹೊಲಿದ ಆ ಹೊದಿಕೆಯೊಳಗೆ ಅದು ಮಲಗಿತ್ತು. ಅಂಚಿನಲ್ಲಿ ಕಪ್ಪು, ನಡುವೆ ಸುಟ್ಟ ಬೆಲ್ಲದ ಬಣ್ಣ. ಕಂಪನಿಯ ಹೆಸರಿದ್ದ ಜಾಗದಲ್ಲಿ ಎರಡು ಮೊಳೆಯ ತೂತು. ಹೆಬ್ಬೆರಳು ಊರುವ ಕಡೆ ಬಣ್ಣ ಹೋಗಿ ಮರ ಕಾಣುತ್ತಿತ್ತು. ತಂತಿ ಬಿಗಿಯುವ ನಾಲ್ಕು ಕಿವಿಗಳಲ್ಲಿ ಒಂದು ಮುರಿದಿತ್ತು. ಕುತ್ತಿಗೆ ಬಾಗಿದೆಯೇ ಎಂದು ನೋಡಲು ಕೈ ಚಾಚಿದೆ.

"ಮುಟ್ಟಬ್ಯಾಡ್ರಿ. ಇವತ್ತ ಸೋಮವಾರ."

ಬಸವಣ್ಣನ ವಾರ. ಆ ದಿನ ಇಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ನನಗೂ ಗೊತ್ತಿತ್ತು. ಆದರೆ ಇದು ಗಿಟಾರು ಎಂದೆ.

"ಇದೂ ದುಡದದ್ದರಿ. ದುಡದದ್ದು ಅಂದಮ್ಯಾಲ ಎಲ್ಲಾ ಒಂದ. ಕಂಪನ್ಯಾಗೂ ನಾ ಸೋಮವಾರ ಇದನ್ನ ಹೂಡ್ತಿದ್ದಿಲ್ಲ. ಮತ್ತ ಇವತ್ತ ಮನಿಯಿಂದ ಇಂಥಾ ಸಾಮಾನ ಹೊರಗ ಕೊಡೂದಿಲ್ಲ. ನಾಳೆ ಬರ್ರಿ."

ನಾಳೆ ಗ್ರಂಥಾಲಯ. ನಾಡಿದ್ದು ಗ್ರಂಥಾಲಯ. ಭಾನುವಾರವೂ ಗ್ರಂಥಾಲಯ, ಅವತ್ತೇ ಪೊಲೀಸ್ ಪರೀಕ್ಷೆಗೆ ಓದುವವರು ಕುರ್ಚಿಗೆ ಜಗಳ ಕಾಯುವುದು. ನನಗೆ ಸೋಮವಾರದ ಹೊರತು ಸಿಗುವುದು ತಿಂಗಳ ಎರಡನೇ ಮಂಗಳವಾರ ಮಾತ್ರ, ಅದು ಮೂರು ವಾರ ದೂರವಿತ್ತು. ಮೇಲಧಿಕಾರಿಯ ಹತ್ತಿರ ರಜೆ ಕೇಳೋಣವೆಂದರೆ ಅವರ ದನಿಯ ಪ್ರಕರಣ ಇನ್ನೂ ಹಸಿಯಾಗಿತ್ತು. ಎತ್ತು ಕೊಳ್ಳಲು ಬಂದು ಅದರ ಹಲ್ಲನ್ನೂ ನೋಡಲಾಗದವನಂತೆ ನಾನು ಬರಿಗೈಯಲ್ಲಿ ಬಸ್ಸು ಹತ್ತಿದೆ.

ಆ ಮೂರು ವಾರ ನಾನು ಈ ಊರನ್ನು ಮನಸಾರೆ ಬೈದೆ. ಉಪ್ಪು ನೀರನ್ನು ಬೈದೆ, ಬಿಸಿಲನ್ನು ಬೈದೆ, ಬೈಯುವಾಗ ಬಾಯಿಗೆ ಗೌರಕ್ಕನ ದನಿಯೇ ಬರುತ್ತಿದ್ದುದಕ್ಕೆ ಇನ್ನಷ್ಟು ಬೈದೆ.

ಎರಡನೇ ಮಂಗಳವಾರ ಹೋದಾಗ ಗುರಪ್ಪ ಕಾಕಾ ತಾವೇ ಗಿಟಾರನ್ನು ನನ್ನ ತೊಡೆಯ ಮೇಲಿಟ್ಟರು. ಮುರಿದ ಕಿವಿಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿ ಸ್ವರ ಕೂಡಿಸಿದೆ. ತಂತಿಗಳಿಗೆ ತುಕ್ಕು, ಆಂಪ್ಲಿಫೈಯರು ಇಲ್ಲ, ಆದರೂ ದಪ್ಪ ತಂತಿ ಮೀಟಿದಾಗ ಮರ ನನ್ನ ಪಕ್ಕೆಲುಬಿನೊಳಗೇ ಗುಂಯ್ ಅಂದಿತು. ಹೊಟ್ಟೆಯಲ್ಲಿ ಯಾರೋ ನನ್ನ ಹೆಸರು ಹಿಡಿದು ಕರೆದಂತಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

"ಬಾರಸ್ರಿ" ಅಂದರು. ಬಾರಿಸಿದೆ. ಮದುವೆ ಮನೆಯಲ್ಲಿ ಚಪ್ಪಾಳೆ ತಂದ ನನ್ನ ಬೆರಳಾಟವೆಲ್ಲ ಮಾಡಿ ತೋರಿಸಿದೆ. ಮೇಲೆ ಹೋದೆ, ಕೆಳಗೆ ಬಂದೆ, ಮಧ್ಯೆ ಎರಡು ಪಲ್ಟಿ ಹೊಡೆದೆ. ಕಾಕಾ ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಕೈ ಚಲೋ ಐತಿರಿ. ಆದರ ಭಾಳ ಓಡಸ್ತೀರಿ. ಇದು ಓಟದ ಕುದುರಿ ಅಲ್ಲ, ನೇಗಿಲೆತ್ತು. ಹಿಂಗ ಓಡಸಿದಾವ ಒಬ್ಬ ಇದ್ದ, ಸಿಂದಗ್ಯಾಗ." ಕೌದಿ ಮತ್ತೆ ಮುಚ್ಚಿಕೊಂಡಿತು. "ಇರ್ಲಿ ಬಿಡ್ರಿ, ನೋಡೂಣು."

ನಂಜನಗೂಡಿನವರೇ, ಈ 'ನೋಡೂಣು' ನಿಮಗೆ ಗೊತ್ತಿರಲಿ. ನಮ್ಮ ಕಡೆ ಇಲ್ಲವೆನ್ನಬೇಕಾದರೆ ಹತ್ತು ಕಾರಣ ಹೇಳಿ ಕೊನೆಗೆ ಇಲ್ಲ ಅನ್ನುತ್ತೇವೆ. ಇಲ್ಲಿ ಮಾತು ಬಿರುಸು, ಬೈಗುಳ ನೇರ, ಆದರೆ ಮನೆಗೆ ಬಂದವರಿಗೆ ಮಾತ್ರ ಇಲ್ಲವೆನ್ನುವುದಿಲ್ಲ. ನೋಡೂಣು ಅನ್ನುತ್ತಾರೆ. ಅದು ನಾಳೆಯೂ ಆಗಬಹುದು, ಮೊಮ್ಮಕ್ಕಳ ಕಾಲಕ್ಕೂ ಆಗಬಹುದು.

ಮತ್ತೆ ಕಾದೆ. ಫೋನು ಮಾಡಿದಾಗೆಲ್ಲ "ಊಟ ಆತೇನ್ರಿ?" ಎಂದು ಕೇಳಿ, ಆಯಿತೆಂದರೆ ಸಂತೋಷಪಟ್ಟು, "ನೋಡೂಣು" ಎಂದು ಇಟ್ಟುಬಿಡುತ್ತಿದ್ದರು. ಹಾಗಾಗಿ ಒಂದು ಮಧ್ಯಾಹ್ನ, ಓದುಗರೆಲ್ಲ ಊಟಕ್ಕೆ ಹೋಗಿದ್ದಾಗ, ಹೇಳಲು ನಾಚಿಕೆಯಾಗುವ ಕೆಲಸ ಮಾಡಿದೆ. ಸಹೋದ್ಯೋಗಿಯ ಫೋನು ತೆಗೆದುಕೊಂಡು ಗುರಪ್ಪ ಕಾಕಾನ ನಂಬರು ಒತ್ತಿದೆ. ಮೊದಲು ಕೆಮ್ಮಿದೆ.

"ಏ ಗುರ್ಯಾ, ನಾ ರೇವಪ್ಪ. ಆ ಮೈಸೂರ ಹುಡುಗಗ ಕೊಟ್ಟಬಿಡೋ ಅದನ್ನ. ಚಲೋ ಹುಡುಗ."

ಆ ಕಡೆಯಿಂದ ಒಂದು ಎತ್ತಿನ ಕೊರಳಗಂಟೆ ಮಾತ್ರ ಕೇಳುತ್ತಿತ್ತು. ಆಮೇಲೆ ಅವರ ದನಿ ಬಂತು, ನಾನು ಅಲ್ಲಿಯತನಕ ಕೇಳಿರದ ಸಣ್ಣ ದನಿ.

"ರೇವ್ಯಾ. ಮುದ್ದೇಬಿಹಾಳದಾಗ ನಾ ಕೈ ಬಿಡಬಾರದಿತ್ತೋ. ಓಡಸಿದ್ರ ಓಡಸ್ಲಿ ಅಂತ ನಿನ್ನ ಹಿಂದ ಬರಬೇಕಿತ್ತು. ತಪ್ಪಾತು."

ನನ್ನ ಗಂಟಲಲ್ಲಿದ್ದ ರೇವಪ್ಪ ಓಡಿಹೋದ. ಉಳಿದವನು ನಾನೊಬ್ಬನೇ. ಬಾಯಿ ತೆರೆದರೆ ಸಿಕ್ಕಿಬೀಳುತ್ತಿದ್ದೆ. ಕೆಮ್ಮಿದೆ.

"ನೀ ಒಮ್ಮೆ ಬಾ" ಅಂದರು ಕಾಕಾ. "ನಿನ್ನ ಕಣ್ಣ ಮುಂದ ಕೊಡ್ತೇನಿ ಆ ಹುಡುಗಗ." ಫೋನು ಇಟ್ಟರು.

ಇಷ್ಟು ದಿನ ನಾನು ಜನರ ದನಿ ಕದ್ದು ನಗಿಸಿದ್ದೆ. ಮೊದಲ ಸಲ ಇನ್ನೊಬ್ಬರಿಗೆ ಬರಬೇಕಾದ ಕ್ಷಮೆ ನನ್ನ ಕೈಗೆ ಬಂದಿತ್ತು, ಟಪಾಲಿನವನು ಬೇರೆ ಮನೆಗೆ ಕಾಗದ ಹಾಕಿ ಹೋದಂತೆ. ಮುಂದಿನ ಸೋಮವಾರ ಸಿಂದಗಿಗೆ ಹೋದೆ. ರೇವಪ್ಪ ಕುರಿಮರಿಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದರು. ದೂರದಲ್ಲೇ ನಿಂತು ಎಲ್ಲ ಹೇಳಿದೆ. ಅವರ ಕೈಗೆ ಬೇಗ ಸಿಗುವಲ್ಲಿ ಒಂದು ಬಡಿಗೆ ಇತ್ತು.

"ನನ್ನ ದನಿ ಮಾಡಿದಿ? ಮಾಡು, ಕೇಳೂಣು."

ಮಾಡಿದೆ. ಒಳಗಿಂದ ಸೊಸೆ ನಕ್ಕಿದ್ದು ಕೇಳಿಸಿತು. ರೇವಪ್ಪ ಅತ್ತ ತಿರುಗಿ, "ನಾ ಹಿಂಗ ಕೆಮ್ಮತೇನೇನು?" ಎಂದರು. ಆಮೇಲೆ ನನ್ನ ಕಡೆ ಬೆರಳು ಮಾಡಿದರು. "ನನ್ನ ದನ್ಯಾಗ ತಪ್ಪಾತು ಅಂದ್ಯೇನು? ಅಂದಿದ್ರ ಇಲ್ಲೇ ನಿನ್ನ ಕಾಲ ಮುರೀತೇನಿ."

"ನಾನಲ್ಲ ಕಾಕಾ. ಅವರೇ ಅಂದರು."

"ಏನಂದ? ಅವ ಅಂದಂಗ ಅನ್ನು."

ಗುರಪ್ಪ ಕಾಕಾನ ದನಿಯಲ್ಲಿ ಹೇಳಿದೆ. ಆ ಸಣ್ಣ ದನಿ, 'ರೇವ್ಯಾ' ಆದಮೇಲಿನ ತಡೆ, ಎಲ್ಲ. ನಗಿಸಲು ಅಲ್ಲದೆ ದನಿ ಮಾಡಿದ್ದು ನನಗೂ ಹೊಸದು. ಕುರಿಮರಿ ಅವರ ಕೈಯಿಂದ ಜಾರಿ ತಾಯಿಯ ಹತ್ತಿರ ಹೋಯಿತು. ಅವರು ಎಣ್ಣೆ ಕೈಯನ್ನು ಹಾಗೇ ಹಿಡಿದುಕೊಂಡು ಕೂತಿದ್ದರು.

"ಇನ್ನೊಮ್ಮೆ ಅನ್ನು" ಎಂದರು.

ಇನ್ನೊಮ್ಮೆ ಹೇಳಿದೆ.

"ಬರೊಬ್ಬರಿ ಅವನ ದನಿ" ಎಂದು ಎದ್ದರು. "ಬರೂ ಸೋಮವಾರ ಹೋಗೂಣು."

ಸೋಮವಾರ ಬೇಡ ಕಾಕಾ, ಅವತ್ತು ಗಿಟಾರು ಮುಟ್ಟುವುದಿಲ್ಲ, ಕೊಡುವುದಿಲ್ಲ ಎಂದು ಗೋಗರೆದೆ.

"ಅದಕ್ಕ ಸೋಮವಾರ. ಅವ ಬಾರಸಿದ್ರ ನಾ ಡಬ್ಬಾನ ಬಡಿತೇನಿ. ಬಡದ್ರ ಮತ್ತ ಓಡಸ್ದಿ ಅಂತಾನ. ಸೋಮವಾರ ಆದ್ರ ಬರೇ ಮಾತಾಡಬೇಕಾಕ್ಕೈತಿ."

ಒಂದೇ ಸಮಾಧಾನ, ಆ ಸೋಮವಾರದ ಮರುದಿನ ಎರಡನೇ ಮಂಗಳವಾರ.

ಕೊಲ್ಹಾರದಲ್ಲಿ ಇಬ್ಬರೂ ಒಂದೇ ಜಮಖಾನೆಯ ಎರಡು ತುದಿಗೆ ಕೂತರು. ಚಹಾ ಬಂತು. ರೇವಪ್ಪ ಬಸಿಗೆ, ಅಂದರೆ ಸಾಸರಿಗೆ, ಸುರಿದುಕೊಂಡು, ಕೆಮ್ಮಿ, ನೇರ ಮಾತಿಗೆ ಬಂದರು.

"ಆ ಫೋನ್ ನಾ ಮಾಡಿದ್ದಲ್ಲ."

"ಗೊತ್ತೈತಿ" ಅಂದರು ಗುರಪ್ಪ ಕಾಕಾ. "ನೀ ಎಂದರ ಹೆಸರು ಹೇಳಿ ಮಾತ ಸುರು ಮಾಡೀಯೇನು? ಮೊದಲ ಬೈತಿದ್ದಿ. ಮತ್ತ ನೀ ಯಾರಿಗರೆ ಚಲೋ ಹುಡುಗ ಅಂತಿಯೇನು?"

ನನ್ನ ಬಾಯಲ್ಲಿದ್ದ ಚಹಾ ಅಲ್ಲೇ ನಿಂತಿತು. ಗೊತ್ತಿದ್ದೂ ಯಾಕೆ ಹಾಗೆ ಮಾತಾಡಿದಿರಿ ಎಂದು ಕೇಳಿದೆ.

"ನಿನಗ ಹೇಳಿದ್ರ ಅವಗ ಮುಟ್ಟತೈತಿ ಅಂತ ಹೇಳಿದೆ ತಮ್ಮಾ. ನೀ ಎಲ್ಲಾರ ಮಾತು ಎಲ್ಲಾರಿಗೂ ಹಂಚಾವ. ಇಪ್ಪತ್ತ ವರ್ಷ ನಮಗ ನಿನ್ನಂಥಾವ ಒಬ್ಬ ಸಿಗಲಿಲ್ಲ." ಅಲ್ಲಿಯತನಕ ರಿ ಹಚ್ಚಿ ಮಾತಾಡುತ್ತಿದ್ದವರು ಅವತ್ತು ರಿ ತೆಗೆದರು. ನಮ್ಮ ಕಡೆಯಾದರೆ ಅವಮಾನ. ನನಗೆ ಅಲ್ಲಿ ಸುಖವೆನಿಸಿತು.

ರೇವಪ್ಪ ಮಾತ್ರ, "ಆದರೂ ಅವತ್ತ ನಾ ಓಡಸಿದ್ದಿಲ್ಲ" ಅಂದರು.

"ಓಡಸಿದ್ದಿ."

"ನಿದ್ದಿ ಮಾಡಾಕತ್ತಿದ್ದಿ."

ಮಧ್ಯಾಹ್ನವೆಲ್ಲ ಇದೇ ನಡೆಯಿತು, ನಡುನಡುವೆ ಊಟ. ನಾನು ಕೌದಿಯ ಗಂಟು ನೋಡುತ್ತ ಕೂತಿದ್ದೆ. ಇಳಿಹೊತ್ತಿಗೆ ಮೂವರೂ ಹಿನ್ನೀರಿನ ದಂಡೆಗೆ ಹೋದೆವು. ಹಳೇ ಕೊಲ್ಹಾರ ಆ ನೀರಿನ ಕೆಳಗಿದೆ. ಕಾಕಾ ಬೆರಳು ತೋರಿಸಿ, ಅಲ್ಲಿ ನಮ್ಮ ಸಾಲಿ, ಅಲ್ಲಿ ನಮ್ಮ ಮನಿ, ಅಲ್ಲೇ ಈ ಗಿಟಾರ ಕಲಿತದ್ದು ಅಂದರು. ನನಗೆ ನೀರು ಮಾತ್ರ ಕಂಡಿತು. ಎಷ್ಟು ದೂರದಿಂದ ಬಂದಿದ್ದೀಯೆಂದು ಕೇಳಿದರು. ಇಡೀ ರಾತ್ರಿಯ ಬಸ್ಸು ಎಂದೆ. "ನೀ ಊರು ಬಿಟ್ಟು ಬಂದಿ. ನಮ್ಮನ್ನ ಊರ ಬಿಟ್ಟು ಹೋತು" ಎಂದು ಧೋತರದ ಅಂಚು ಎತ್ತಿಕೊಂಡು ಮನೆ ಕಡೆ ನಡೆದರು. ನಾನು ರಾತ್ರಿ ಅಲ್ಲೇ ಉಳಿದೆ, ರೇವಪ್ಪ ಸಂಜೆಯ ಬಸ್ಸಿಗೆ ಹೊರಟರು. ನಾಳೆಯವರೆಗೆ ನಿಲ್ಲಿರೆಂದರೆ, ನಾಳೆ ಅವ ಬಾರಿಸುತ್ತಾನೆ, ಮತ್ತೆ ನಿದ್ದೆ ಬರುತ್ತದೆ ಅಂದರು.

ಮಂಗಳವಾರ ಬೆಳಿಗ್ಗೆ ಕಾಕಾ ಗಿಟಾರು ತೊಡೆಯ ಮೇಲಿಟ್ಟುಕೊಂಡು ನಾಲ್ಕೇ ಸ್ವರ ಬಾರಿಸಿದರು, ಒಂದೊಂದನ್ನೂ ಪೂರ್ತಿ ಆರಲು ಬಿಟ್ಟು. ಅಷ್ಟು ಸಾವಕಾಶವಾಗಿ ಬಾರಿಸಲು ನನಗೆ ಇನ್ನೂ ಬರುವುದಿಲ್ಲ. ನಂತರ ಇಕ್ಕಳ ತೆಗೆದು ಎಲ್ಲಕ್ಕಿಂತ ದಪ್ಪ ತಂತಿಯನ್ನು ಸಡಿಲಿಸಿ, ಬಿಚ್ಚಿ, ಸುತ್ತಿ, ಗೋಡೆಯಲ್ಲಿ ಎತ್ತಿನ ಹಗ್ಗಗಳು ನೇತಾಡುವ ಗೂಟಕ್ಕೆ ಹಾಕಿದರು.

"ಎತ್ತ ಕೊಟ್ರೂ ಹಗ್ಗ ಕೊಡಂಗಿಲ್ಲ ತಮ್ಮಾ. ಹಗ್ಗ ಮನ್ಯಾಗ ಇರಬೇಕು. ಇಲ್ಲಂದ್ರ ಹಟ್ಟಿ ಬರಿದಾಕ್ಕೈತಿ."

ಹಗ್ಗದ ಬದಲು ಹೆಗಲಿನ ಪಟ್ಟಿ ಇಟ್ಟುಕೊಳ್ಳಿ ಎಂದು ನಾಲ್ಕು ತಿಂಗಳ ಸಿಟ್ಟನ್ನೆಲ್ಲ ಸೇರಿಸಿ ಹೇಳಿದೆ. ಮೂರು ತಂತಿಯಲ್ಲಿ ಏನು ಬಾರಿಸಲಿ? ನನಗೆ ಬೇಕಿದ್ದ ಗುಂಯ್ ಇದ್ದುದೇ ಆ ತಂತಿಯಲ್ಲಿ.

"ಪಟ್ಟಿ ಹೊರೂದು. ಇದನ್ನ ನಡಸೂದು ಈ ತಂತಿ" ಅಂದರು. "ಬೇಕಾದಾಗ ಬಾ. ಹಚ್ಚು, ಬಾರಸು, ಬಿಚ್ಚಿಟ್ಟು ಹೋಗು. ಸೋಮವಾರ ಮಾತ್ರ ಬರಬ್ಯಾಡ."

ಹಣ ಎಣಿಸದೆ ಟೋಪಿಯೊಳಗಿಟ್ಟುಕೊಂಡರು. ಬಸ್ಸಿನಲ್ಲಿ ಕೌದಿಯ ಗಂಟು ನೋಡಿ ಪಕ್ಕದ ಹೆಂಗಸು, ಕೂಸು ಮಲಗಿದೆಯೇ ಎಂದು ಕೇಳಿ ಸರಿದು ಜಾಗ ಕೊಟ್ಟರು.

ಈಗ ಅದು ನನ್ನ ಕೋಣೆಯಲ್ಲಿದೆ. ಹೊಸ ತಂತಿಗಳ ಕಟ್ಟನ್ನು ಅಂಚೆಯಲ್ಲಿ ತರಿಸಿದೆ. ಮೂರು ಹಾಕಿದೆ, ನಾಲ್ಕನೆಯದು ಪೊಟ್ಟಣದಲ್ಲೇ ಇದೆ. ಹಾಕಲು ಐದು ನಿಮಿಷ ಸಾಕು. ಹಾಕಿದರೆ ಕೊಲ್ಹಾರಕ್ಕೆ ಹೋಗಲು ನೆಪವಿರುವುದಿಲ್ಲ, ಹಾಕದಿದ್ದರೆ ನನ್ನ ದನಿಯ ಕಾಲುಪಾಲು ಇನ್ನೊಬ್ಬರ ಮನೆಯ ಗೂಟದ ಮೇಲೆ. ನನ್ನ ಷರತ್ತಿನ ಪ್ರಕಾರ ಗಿಟಾರು ಸಿಕ್ಕಂತೆಯೋ ಸಿಗದಂತೆಯೋ ನನಗೆ ತೀರ್ಮಾನಿಸಲು ಆಗಿಲ್ಲ, ಹಾಗಾಗಿ ಅರ್ಜಿಯೂ ಖಾನೆಯಲ್ಲೇ ಇದೆ. ಪೊಟ್ಟಣವನ್ನೂ ಅದರ ಮೇಲೇ ಇಟ್ಟಿದ್ದೇನೆ.

ಮೊನ್ನೆ ಅಮ್ಮ ಫೋನು ಮಾಡಿದಳು. "ವರ್ಗ ಮಾಡಿಸ್ಕೊಂಡು ಯಾವಾಗಪ್ಪ ಬರೋದು ಊರಿಗೆ?"

ತೊಡೆಯ ಮೇಲೆ ಗಿಟಾರಿತ್ತು. ಮೂರನೆಯ ತಂತಿ ಮೀಟಿ, ಅದು ಪೂರ್ತಿ ಆರುವವರೆಗೆ ಕಾದು ಹೇಳಿದೆ: "ನೋಡೂಣು."

"ಅದ್ಯಾರ ದನಿಲೋ ಮಾತಾಡ್ತಿದ್ದೀಯ?"

ಗುರಪ್ಪ ಕಾಕಾನದಲ್ಲ, ರೇವಪ್ಪನದಲ್ಲ, ಗೌರಕ್ಕನದೂ ಅಲ್ಲ. ಎಲ್ಲರನ್ನೂ ಒಬ್ಬೊಬ್ಬರಾಗಿ ಹುಡುಕಿ ನೋಡಿದೆ. ಯಾರೂ ಸಿಗಲಿಲ್ಲ.